ಅರಿವಳಿಕೆಯ ಹೊತ್ತಿನಲ್ಲಿ ಅರಿವು

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಹೃದಯ ಶಸ್ತ್ರಚಿಕಿತ್ಸಾ ವಿಭಾಗದ ಅರಿವಳಿಕೆ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ನಾನು ಮಾಡುವ ಕಾಯಕಕ್ಕೆ ಕನ್ನಡದಲ್ಲಿ ಅರಿವಳಿಕೆ ಎಂದು ಹೆಸರು. ಅರಿವನ್ನು ಅಳಿಸುವುದು ಎಂದು ಅದರ ಅರ್ಥ. ಅರಿವನ್ನೇ ಗುರುವೆಂದು ನಂಬಿದ ಸಮಾಜದಲ್ಲಿ ಹುಟ್ಟಿ, ದಿನವೂ ಬೆಳಿಗ್ಗೆ ಎದ್ದು ಜನರ ಅರಿವನ್ನು ಅಳಿಸುವ ಕೆಲಸಕ್ಕೆ ಹೋಗುವವನು ನಾನು. ಗೆಳೆಯರು ಇದನ್ನು ಹೇಳಿ ನಗುತ್ತಾರೆ. ಆದರೆ ಈ ಮಾತಿನಲ್ಲಿ ನಗೆಗಿಂತ ಹೆಚ್ಚಿನದು ಇದೆ. ಆಪರೇಷನ್ ಮೇಜಿನ ಮೇಲೆ ಮಲಗಿದ ಮನುಷ್ಯ ನಾಲ್ಕೈದು ತಾಸು ತನ್ನನ್ನು ತಾನು ಕಾಯ್ದುಕೊಳ್ಳಲಾರ. ಅವನ ಪಾಲಿನ ಎಚ್ಚರವನ್ನು ಅಷ್ಟು ಹೊತ್ತು ಬೇರೆಯವರು ಹೊರಬೇಕು. ನನ್ನ ಇಂದಿನ ಮಾತೆಲ್ಲ ಇದರ ಸುತ್ತಲೇ ಇದೆ.

ಹೃದಯದ ಆಪರೇಷನ್‌ಗೆ ಬಂದ ಮನೆಯವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಯಾವ ಮತ್ತಿನ ಔಷಧ ಕೊಡುತ್ತೀರಿ?" ಎಂಬುದು. ಎರಡನೆಯದು, "ಅದರಿಂದ ನಂಜು ಏರುವುದಿಲ್ಲವೆ?" ಎಂಬುದು. ಊರಲ್ಲಿ ಯಾರಿಗೋ ಎದೆಯ ಗಾಯ ಕೀವಾಗಿರುತ್ತದೆ, ಯಾರಿಗೋ ನ್ಯುಮೋನಿಯಾ ಆಗಿರುತ್ತದೆ. "ಮತ್ತು ಹೆಚ್ಚಾಯಿತಂತೆ, ಅದಕ್ಕೇ ಹಾಗಾಯಿತಂತೆ" ಎಂಬ ಮಾತು ಹಬ್ಬಿರುತ್ತದೆ. ಆ ಭಯದಿಂದ ಆಪರೇಷನ್ನನ್ನೇ ಮುಂದೂಡಿ ಹೃದಯ ಕೆಡಿಸಿಕೊಂಡವರನ್ನೂ ನೋಡಿದ್ದೇನೆ. ಇದು ಮೂಢ ಪ್ರಶ್ನೆಯಲ್ಲ. ವೈದ್ಯಲೋಕವೇ ಐವತ್ತು ವರ್ಷಗಳಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆ. ಆದ್ದರಿಂದ ಗೊತ್ತಿರುವಷ್ಟನ್ನು ನೇರವಾಗಿ ಹೇಳುತ್ತೇನೆ.

ಮೊದಲು ಹೃದಯದ ಆಪರೇಷನ್‌ನಲ್ಲಿ ಏನು ನಡೆಯುತ್ತದೆ ನೋಡೋಣ. ಎದೆಯ ನಡುವಿನ ಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಹೆಚ್ಚಿನ ಆಪರೇಷನ್‌ಗಳಲ್ಲಿ ರಕ್ತವನ್ನು ಹೊರಗಿನ ಯಂತ್ರಕ್ಕೆ ತಿರುಗಿಸಿ, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಅದಕ್ಕೆ ಒಪ್ಪಿಸುತ್ತಾರೆ. ಗಂಟಲೊಳಗೆ ಉಸಿರಿನ ನಳಿಕೆ, ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಒಂದು ನಳಿಕೆ, ಮಣಿಕಟ್ಟಿನಲ್ಲಿ ಒಂದು, ಮೂತ್ರಕ್ಕೆ ಒಂದು, ಎದೆಯಿಂದ ರಕ್ತ ಹೊರಹೋಗಲು ಒಂದೆರಡು. ಚರ್ಮವೆಂಬುದು ದೇಹದ ಕೋಟೆಯಾದರೆ, ಆ ಕೋಟೆಗೆ ನಾವೇ ಆರೇಳು ಬಾಗಿಲು ತೆರೆದಿರುತ್ತೇವೆ. ರೋಗಾಣು ಬರುವುದು ಈ ಬಾಗಿಲುಗಳಿಂದ. ಶ್ವಾಸಕೋಶಕ್ಕೆ ಬಂದರೆ ನ್ಯುಮೋನಿಯಾ, ರಕ್ತಕ್ಕೆ ಬಂದರೆ ರಕ್ತದ ನಂಜು, ಸೀಳಿದ ಎದೆಮೂಳೆಯ ಹಿಂದೆ ಹೊಕ್ಕರೆ ಎಲ್ಲಕ್ಕಿಂತ ಕಷ್ಟದ ಸೋಂಕು. ಈ ಕೊನೆಯದು ನೂರರಲ್ಲಿ ಒಬ್ಬಿಬ್ಬರಿಗೆ ಬರುವಂಥದು. ಆದರೆ ಬಂದವರ ಎದೆಯನ್ನು ಮತ್ತೆ ತೆರೆದು ತೊಳೆಯಬೇಕು, ವಾರಗಟ್ಟಲೆ ಔಷಧ ನಡೆಯಬೇಕು, ಕೆಲವರು ಉಳಿಯುವುದಿಲ್ಲ. ರೈತನ ಮನೆಗೆ ಆ ಖರ್ಚು ಎರಡನೆಯ ರೋಗ.

ಈಗ ಔಷಧಗಳ ವಿಷಯ. ಎಟೊಮಿಡೇಟ್ ಎಂಬ ಒಂದು ಮತ್ತಿನ ಔಷಧವಿದೆ. ಇದನ್ನು ಕೊಟ್ಟಾಗ ರಕ್ತದೊತ್ತಡ ಹೆಚ್ಚು ಬೀಳುವುದಿಲ್ಲ. ಹೃದಯ ತೀರಾ ದುರ್ಬಲವಾದವರಿಗೆ ಇದು ದೊಡ್ಡ ಅನುಕೂಲ. ಇಷ್ಟು ಒಳ್ಳೆಯ ಔಷಧವೆಂದು ಬ್ರಿಟನ್ನಿನಲ್ಲಿ ಐಸಿಯು ರೋಗಿಗಳನ್ನು ದಿನಗಟ್ಟಲೆ ಮಲಗಿಸಿಡಲು ಇದನ್ನೇ ಹನಿಸತೊಡಗಿದರು. 1983ರಲ್ಲಿ ಗ್ಲ್ಯಾಸ್ಗೋ ನಗರದ ಲೆಡಿಂಗ್‌ಹ್ಯಾಮ್ ಮತ್ತು ವಾಟ್ ಎಂಬ ಇಬ್ಬರು ವೈದ್ಯರು ಲ್ಯಾನ್ಸೆಟ್ ಪತ್ರಿಕೆಗೆ ಒಂದು ಪತ್ರ ಬರೆದರು. ಅಪಘಾತದಲ್ಲಿ ಪೆಟ್ಟಾದ ರೋಗಿಗಳಲ್ಲಿ ಈ ಔಷಧ ಹನಿಸಿಕೊಂಡವರು ಹೆಚ್ಚು ಸಾಯುತ್ತಿದ್ದಾರೆ ಎಂದು ಅದರಲ್ಲಿ ತಿಳಿಸಿದರು. ಕಾರಣ ಆಮೇಲೆ ಸ್ಪಷ್ಟವಾಯಿತು. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ರಸವನ್ನು ತಯಾರಿಸುತ್ತದೆ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ತಾಳಿಕೊಳ್ಳುವ ಶಕ್ತಿ ಅದರಿಂದ ಬರುತ್ತದೆ. ಎಟೊಮಿಡೇಟ್ ಆ ರಸದ ತಯಾರಿಕೆಯನ್ನೇ ತಡೆಯುತ್ತದೆ. ಒಂದೇ ಸಲ ಕೊಟ್ಟರೂ ಆ ತಡೆ ಸುಮಾರು ಒಂದು ದಿನ ಇರುತ್ತದೆ. ಹೀಗಾಗಿ ಹನಿಸುವ ಪದ್ಧತಿ ನಿಂತುಹೋಯಿತು. ಮಲಗಿಸಲು ಒಂದೇ ಸಲ ಕೊಡುವ ಪದ್ಧತಿ ಇಂದಿಗೂ ಇದೆ. ಹೃದಯದ ಆಪರೇಷನ್‌ನಲ್ಲಿ ಆ ಒಂದು ಸಲದಿಂದ ಸಾವು ಹೆಚ್ಚಿತೆಂಬ ಖಚಿತ ಸಾಕ್ಷ್ಯ ಸಿಕ್ಕಿಲ್ಲ, ವಾದವೂ ಮುಗಿದಿಲ್ಲ. ಬೀಳುವ ರಕ್ತದೊತ್ತಡದ ಅಪಾಯ ಒಂದು ತಟ್ಟೆಯಲ್ಲಿ, ತಗ್ಗುವ ಕಾರ್ಟಿಸಾಲಿನ ಅಪಾಯ ಇನ್ನೊಂದರಲ್ಲಿ ಇಟ್ಟು, ಎದುರಿಗಿರುವ ರೋಗಿಯನ್ನು ನೋಡಿ ವೈದ್ಯರು ತೂಗಬೇಕು.

ಎರಡನೆಯದು ಪ್ರೊಪೋಫಾಲ್. ಹಾಲಿನಂತೆ ಬೆಳ್ಳಗಿರುವ ಔಷಧ. ಇವತ್ತು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಮತ್ತಿನ ಔಷಧಗಳಲ್ಲಿ ಒಂದು. ಇದು ನೀರಿನಲ್ಲಿ ಕರಗುವುದಿಲ್ಲ. ಅದಕ್ಕೆ ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್ ಮತ್ತು ಗ್ಲಿಸರಿನ್ ಸೇರಿಸಿ ಹಾಲಿನ ಹಾಗೆ ಕಡೆದಿರುತ್ತಾರೆ. ನಮಗೆ ಹಾಲು ಹೇಗೋ ರೋಗಾಣುವಿಗೆ ಇದು ಹಾಗೆ. ಒಂದು ಕಣ ಒಳಹೊಕ್ಕರೆ ಕೆಲವು ತಾಸಿನಲ್ಲಿ ಲಕ್ಷಗಟ್ಟಲೆಯಾಗಿ ಬೆಳೆಯುತ್ತದೆ. 1990ರಿಂದ 1993ರ ನಡುವೆ ಅಮೆರಿಕದ ಏಳು ಆಸ್ಪತ್ರೆಗಳಲ್ಲಿ ಆಪರೇಷನ್ ಆದವರಿಗೆ ಕಾರಣವಿಲ್ಲದೆ ಸೋಂಕು ಬರತೊಡಗಿತು. ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ತನಿಖೆ ಮಾಡಿತು. ಅದರ ವರದಿ 1995ರಲ್ಲಿ ಪ್ರಕಟವಾಯಿತು. ಸೋಂಕಿನ ಜಾಡು ಹೋಗಿ ನಿಂತದ್ದು ಪ್ರೊಪೋಫಾಲ್ ಸಿರಿಂಜಿನ ಮುಂದೆ. ಕಾರ್ಖಾನೆಯಿಂದ ಬಂದ ಮುಚ್ಚಿದ ಬಾಟಲಿಗಳಲ್ಲಿ ದೋಷವಿರಲಿಲ್ಲ. ತೊಳೆಯದ ಕೈಯಿಂದ ಸಿರಿಂಜಿಗೆ ಎಳೆದದ್ದು, ತಾಸುಗಟ್ಟಲೆ ಮೊದಲೇ ತುಂಬಿಟ್ಟದ್ದು, ಒಬ್ಬರಿಗೆ ಬಳಸಿ ಉಳಿದದ್ದನ್ನು ಇನ್ನೊಬ್ಬರಿಗೆ ಕೊಟ್ಟದ್ದು, ಇವು ದೋಷ.

ಶರಣ ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಅದೇ ಔಷಧ, ಅದೇ ಕಂಪನಿ, ಅದೇ ಬಾಟಲಿ. ಒಂದು ಕೈಯಲ್ಲಿ ಅದು ನೆಮ್ಮದಿಯ ನಿದ್ದೆ, ಇನ್ನೊಂದು ಕೈಯಲ್ಲಿ ನಂಜು. ಆ ತನಿಖೆಯ ನಂತರ ಅಮೆರಿಕದಲ್ಲಿ ರೋಗಾಣುವಿನ ಬೆಳವಣಿಗೆ ತಡೆಯುವ ವಸ್ತುವನ್ನು ಔಷಧಕ್ಕೆ ಸೇರಿಸಿದರು. ತೆರೆದ ಔಷಧವನ್ನು ಆರರಿಂದ ಹನ್ನೆರಡು ತಾಸಿನೊಳಗೆ ಬಳಸಬೇಕು, ಇಲ್ಲವೆ ಚೆಲ್ಲಬೇಕು ಎಂಬ ನಿಯಮ ಬಂತು. ಒಂದು ಬಾಟಲಿ ಒಬ್ಬ ರೋಗಿಗೆ ಮಾತ್ರ. ಉಳಿದದ್ದನ್ನು ಚೆಲ್ಲುವುದು ದುಂದಲ್ಲ. ಅನ್ನ ಚೆಲ್ಲಬಾರದು ಎಂದು ಕಲಿತ ನಮ್ಮ ಕೈಗಳಿಗೆ ಔಷಧ ಚೆಲ್ಲುವುದು ಕಷ್ಟವೆನಿಸುತ್ತದೆ. ಆದರೆ ಬಡ ರೋಗಿಗೆ ಉಳಿತಾಯವಾಗಲಿ ಎಂದು ಇನ್ನೊಬ್ಬರ ಬಾಟಲಿಯಲ್ಲಿ ಉಳಿದ ಹಾಲನ್ನು ಕೊಟ್ಟರೆ ಅದು ದಾಸೋಹವಾಗುವುದಿಲ್ಲ.

ಮೂರನೆಯದು ನೋವಿನ ಔಷಧಗಳು. 1969ರಲ್ಲಿ ಅಮೆರಿಕದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಹೃದಯ ರೋಗಿಗಳಿಗೆ ದೊಡ್ಡ ಪ್ರಮಾಣದ ಮಾರ್ಫಿನ್ ಕೊಟ್ಟು ಆಪರೇಷನ್ ಮಾಡಬಹುದೆಂದು ತೋರಿಸಿದರು. ಮುಂದೆ ಫೆಂಟನಿಲ್ ಬಂತು. ಹೃದಯಕ್ಕೆ ಇವು ಹಿತವಾಗಿದ್ದವು. ಆದರೆ ಅಷ್ಟು ಪ್ರಮಾಣ ಪಡೆದ ರೋಗಿ ರಾತ್ರಿಯಿಡೀ ವೆಂಟಿಲೇಟರಿನಲ್ಲೇ ಇರಬೇಕಾಗುತ್ತಿತ್ತು. ಗಂಟಲಲ್ಲಿ ನಳಿಕೆಯಿದ್ದಷ್ಟು ಹೊತ್ತು ಕೆಮ್ಮಲಾಗದು, ಬಾಯಿಯ ರಸ ಶ್ವಾಸಕೋಶಕ್ಕೆ ಜಿನುಗುತ್ತದೆ, ನ್ಯುಮೋನಿಯಾದ ದಾರಿ ತೆರೆದಿರುತ್ತದೆ. ಈಗ ಈ ಔಷಧಗಳ ಪ್ರಮಾಣ ತಗ್ಗಿಸಿ, ಎಲ್ಲ ಸರಿಯಿದ್ದ ರೋಗಿಗೆ ಐಸಿಯುಗೆ ಬಂದ ಆರೇಳು ತಾಸಿನಲ್ಲಿ ನಳಿಕೆ ತೆಗೆಯಲು ನೋಡುತ್ತೇವೆ. ಮಾರ್ಫಿನ್ ರೋಗನಿರೋಧಕ ಕಣಗಳನ್ನು ಮಂಕಾಗಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಅಲ್ಲಿ ಕಂಡದ್ದು ರೋಗಿಯ ಹಾಸಿಗೆಯ ಬಳಿಯೂ ಅಷ್ಟೇ ನಿಜವೆಂದು ಹೇಳಲಾಗದು. ಆದರೆ ಬೇಗ ಎಚ್ಚರಾಗಿ, ಬೇಗ ಕೆಮ್ಮಿ, ಬೇಗ ಎದ್ದು ಕೂತವರಿಗೆ ಶ್ವಾಸಕೋಶದ ಸೋಂಕಿನ ಭಯ ಕಡಿಮೆ. ಹಾಗೆಂದು ನೋವನ್ನು ಹಲ್ಲುಕಚ್ಚಿ ಸಹಿಸಬೇಕೆಂದಲ್ಲ. ನೋವಿದ್ದವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದೂ ಇಲ್ಲ. ಆದ್ದರಿಂದ ನೋವನ್ನು ಮುಚ್ಚಿಡದೆ ನರ್ಸಿಗೆ ಹೇಳಿ.

ಇನ್ನು ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್, ಐಸೊಫ್ಲುರೇನ್‌ನಂಥ ಔಷಧ ಮೇಲೋ, ರಕ್ತನಾಳದಲ್ಲಿ ಕೊಡುವುದು ಮೇಲೋ? ಇಟಲಿಯ ವೈದ್ಯರ ಮುಂದಾಳತ್ವದಲ್ಲಿ 13 ದೇಶಗಳ 5,400 ಬೈಪಾಸ್ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದೊಳಗಿನ ಸಾವಿನಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಅಚ್ಚರಿಯ ಸಂಗತಿಯಿದೆ. ಸ್ಟೀರಾಯ್ಡ್ ಕೊಟ್ಟರೆ ಸೋಂಕು ಹೆಚ್ಚುತ್ತದೆ ಎಂಬುದು ನಾವೆಲ್ಲ ಓದಿದ ಪಾಠ. ನೆದರ್ಲೆಂಡ್ಸ್‌ನಲ್ಲಿ 4,494 ಹೃದಯ ರೋಗಿಗಳಲ್ಲಿ ಕೆಲವರಿಗೆ ಮತ್ತು ಕೊಟ್ಟ ಮೇಲೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಉಳಿದವರಿಗೆ ಕೊಡದೆ ನೋಡಿದರು. 2012ರಲ್ಲಿ ಬಂದ ಫಲಿತಾಂಶದಲ್ಲಿ ಸಾವು ಮತ್ತು ದೊಡ್ಡ ತೊಂದರೆಗಳ ಒಟ್ಟು ಲೆಕ್ಕದಲ್ಲಿ ನಿಶ್ಚಿತ ವ್ಯತ್ಯಾಸವಿರಲಿಲ್ಲ. ಆದರೆ ಸೋಂಕು, ಮುಖ್ಯವಾಗಿ ನ್ಯುಮೋನಿಯಾ, ಔಷಧ ಪಡೆದವರಲ್ಲಿ ಕಡಿಮೆಯಿತ್ತು. ಕೊಡದವರಲ್ಲಿ ನೂರಕ್ಕೆ 14.8 ಇದ್ದದ್ದು ಕೊಟ್ಟವರಲ್ಲಿ 9.5. ಜೊತೆಗೆ ರಕ್ತದ ಸಕ್ಕರೆ ಏರಿತ್ತು. ಓದಿದ ಪಾಠವನ್ನು ಸಾಕ್ಷ್ಯದ ಮುಂದೆ ನಿಲ್ಲಿಸಿ ಕೇಳಬೇಕು ಎಂಬುದಕ್ಕೆ ಇದನ್ನು ಹೇಳಿದೆ. ಕಲ್ಯಾಣದ ಅನುಭವ ಮಂಟಪದಲ್ಲಿ ನಡೆದದ್ದೂ ಅದೇ ಅಲ್ಲವೆ? ಹಿಂದಿನವರು ಹೇಳಿದರು ಎಂಬ ಕಾರಣಕ್ಕೆ ಅಲ್ಲಿ ಯಾವ ಮಾತೂ ಪಾರಾಗಲಿಲ್ಲ.

ಇಷ್ಟರಿಂದ ತಿಳಿಯುವುದೇನು? ಔಷಧದ ಆಯ್ಕೆ ಮುಖ್ಯ, ಆದರೆ ಸೋಂಕಿನ ವಿಷಯದಲ್ಲಿ ಔಷಧದ ಹೆಸರಿಗಿಂತ ಅದನ್ನು ಕೊಡುವ ರೀತಿ ಮತ್ತು ರೋಗಿಯ ಸುತ್ತಲಿನ ಶಿಸ್ತು ಹೆಚ್ಚು ಮುಖ್ಯ. ಕೆಲವು ಸಂಗತಿಗಳು ಗಟ್ಟಿಯಾಗಿ ಗೊತ್ತಿವೆ. ಸಾಮಾನ್ಯವಾಗಿ ಕೊಡುವ ಸೆಫಜೋಲಿನ್‌ನಂಥ ಆಂಟಿಬಯಾಟಿಕ್ ಚರ್ಮ ಕೊಯ್ಯುವ ಮೊದಲಿನ ಒಂದು ತಾಸಿನೊಳಗೆ ರಕ್ತ ಸೇರಿರಬೇಕು. ಕೊಯ್ದ ಮೇಲೆ ಕೊಟ್ಟರೆ ಕಳ್ಳ ಒಳಬಂದ ಮೇಲೆ ಕದ ಹಾಕಿದಂತೆ. ಹೆಚ್ಚು ದಿನ ಕೊಟ್ಟರೆ ಹೆಚ್ಚು ರಕ್ಷೆ ಎಂಬುದೂ ಸುಳ್ಳು. ಸೋಂಕಿಲ್ಲದವರಿಗೆ ಎರಡು ದಿನ ದಾಟಿ ಕೊಟ್ಟರೆ ಲಾಭವಿಲ್ಲ, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಸಾಕಿದಂತಾಗುತ್ತದೆ. ಎದೆಯ ಕೂದಲನ್ನು ಬ್ಲೇಡಿನಿಂದ ಬೋಳಿಸಬಾರದು, ಯಂತ್ರದಿಂದ ಕತ್ತರಿಸಬೇಕು. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಮನೆ ಮಾಡುತ್ತದೆ.

ಸಕ್ಕರೆ ಕಾಯಿಲೆಯವರು ಇಲ್ಲಿ ಬಹಳ ಜನ ಇದ್ದೀರಿ. ಅಮೆರಿಕದ ಪೋರ್ಟ್‌ಲೆಂಡಿನ ವೈದ್ಯರು ಸಕ್ಕರೆ ಕಾಯಿಲೆಯಿದ್ದ ಹೃದಯ ರೋಗಿಗಳಿಗೆ ಇನ್ಸುಲಿನ್ನನ್ನು ಬಿಡದೆ ಹನಿಸುತ್ತ ಸಕ್ಕರೆಯನ್ನು ಹತೋಟಿಯಲ್ಲಿಟ್ಟರು. ಎದೆಮೂಳೆಯ ಆಳದ ಸೋಂಕು ನೂರಕ್ಕೆ 2ರಿಂದ 0.8ಕ್ಕೆ ಇಳಿಯಿತೆಂದು 1999ರಲ್ಲಿ ವರದಿ ಮಾಡಿದರು. ಯಾವ ಮತ್ತಿನ ಔಷಧ ಬದಲಿಸಿದರೂ ಇಷ್ಟು ಲಾಭ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆಪರೇಷನ್‌ಗೆ ದಿನ ಗೊತ್ತಾದ ಮೇಲೆ ಒಬ್ಬಟ್ಟು, ಹುಗ್ಗಿ ತಿಂದು ಬಂದು, "ಒಳ್ಳೆಯ ಮತ್ತು ಕೊಡಿ" ಎಂದರೆ ನಾನೇನು ಮಾಡಲಿ? ತಂಬಾಕೂ ಹಾಗೆ. ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಬೇಕು. ಎಲೆ-ಅಡಿಕೆ-ತಂಬಾಕಿನಿಂದ ಒಸಡು ಕೆಟ್ಟವರು ಹಲ್ಲಿನ ವೈದ್ಯರನ್ನು ನೋಡಿ ಬರಬೇಕು. ಹೃದಯದ ಕವಾಟ ಬದಲಿಸಿಕೊಳ್ಳುವವರಿಗಂತೂ ಇದು ಕಡ್ಡಾಯ. ಬಾಯಿಯ ಕೊಳೆ ರಕ್ತದ ದಾರಿಯಲ್ಲಿ ಹೊಸ ಕವಾಟದ ಮೇಲೆ ಹೋಗಿ ಕೂರಬಹುದು.

ಇನ್ನು ನಮ್ಮ ಆಚರಣೆಗೆ ಬರುತ್ತೇನೆ. ಇಷ್ಟಲಿಂಗ ನಮ್ಮ ಎದೆಯ ಮೇಲೆ ಇರುತ್ತದೆ. ಹೃದಯದ ವೈದ್ಯರು ಕೊಯ್ಯುವುದೂ ಅಲ್ಲಿಯೇ. ಶಿವದಾರ ಹಾಯುವುದು ಕುತ್ತಿಗೆಯ ಮೇಲೆ. ನಾನು ನಳಿಕೆ ಹಾಕುವುದೂ ಆ ಕುತ್ತಿಗೆಯ ರಕ್ತನಾಳಕ್ಕೆ. ವರ್ಷಗಟ್ಟಲೆ ಬೆವರು ಕುಡಿದ ದಾರದಲ್ಲಿ, ಬಟ್ಟೆಯ ಚೀಲದಲ್ಲಿ, ಬೆಳ್ಳಿಯ ಕರಡಿಗೆಯ ಸಂದಿನಲ್ಲಿ ಚರ್ಮದ ರೋಗಾಣು ಇದ್ದೇ ಇರುತ್ತದೆ. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವಾಗ ಮೈಮೇಲೆ ಲೋಹವಿದ್ದರೆ ಸುಟ್ಟ ಗಾಯವಾಗುವ ಅಪಾಯವೂ ಇದೆ. ಆದ್ದರಿಂದ ಅದನ್ನು ತೆಗೆಯಲೇಬೇಕು. ಒಬ್ಬ ಹಿರಿಯ ತಾಯಿ ಲಿಂಗವನ್ನು ತುರುಬಿನೊಳಗೆ ಬಚ್ಚಿಟ್ಟುಕೊಂಡು ಆಪರೇಷನ್ ಕೋಣೆಗೆ ಬಂದಿದ್ದರು. ನರ್ಸಿನ ಕೈಗೆ ಅದು ಸಿಕ್ಕಾಗ ಅವರು ಅತ್ತದ್ದು ಸಾವಿಗೆ ಹೆದರಿ ಅಲ್ಲ, ಲಿಂಗ ಮೈಬಿಟ್ಟು ಹೋಯಿತಲ್ಲ ಎಂದು. ಅವರಿಗೆ ಮೊದಲೇ ಯಾರೂ ತಿಳಿಹೇಳಿರಲಿಲ್ಲ.

ತಿಳಿಹೇಳಬೇಕಾದವರು ಆಸ್ಪತ್ರೆಯವರು ಮಾತ್ರವಲ್ಲ, ಮಠಗಳೂ ಹೌದು. ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗ ಎಂದು ಮೂರನ್ನೂ ಹೇಳಿಕೊಟ್ಟ ಧರ್ಮ ನಮ್ಮದು. ಇಷ್ಟಲಿಂಗ ಕೆಲವು ದಿನ ಮಗಳ ಅಂಗೈಯಲ್ಲಿದ್ದರೆ ಪ್ರಾಣಲಿಂಗ ಎಲ್ಲಿಗೂ ಹೋಗುವುದಿಲ್ಲ. ಕುರುಹು ಇರುವುದು ಅರಿವಿಗಾಗಿ. ಶರೀರವನ್ನೇ ಗುಡಿಯೆಂದು ಕಂಡ ಶರಣರ ಮಕ್ಕಳು ಆ ಗುಡಿಯ ದುರಸ್ತಿಗೆ ಅಡ್ಡಿಯಾಗಬಾರದು. ದೀಕ್ಷೆ ಕೊಡುವಾಗಲೇ ಗುರುಗಳು ಈ ಒಂದು ಮಾತು ಹೇಳಿಬಿಟ್ಟರೆ ಎಷ್ಟೋ ತಾಯಂದಿರ ಕಣ್ಣೀರು ಉಳಿಯುತ್ತದೆ. ಆಪರೇಷನ್‌ನ ಹಿಂದಿನ ದಿನ ರೋಗಿ ಪೂಜೆ ಮುಗಿಸಿ, ತನ್ನ ಕೈಯಾರೆ ಮನೆಯವರ ಕೈಗೆ ಲಿಂಗವನ್ನು ಒಪ್ಪಿಸಲಿ. ಕಸಿದುಕೊಂಡರು ಎಂಬ ಭಾವ ಆಗ ಬರುವುದಿಲ್ಲ. ಮನೆಗೆ ಬಂದ ಮೇಲೆ ಹೊಸ ದಾರ, ಒಗೆದ ಬಟ್ಟೆ ಇರಲಿ. ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಗಾಯ ಪೂರ್ತಿ ಒಣಗಿ, ವೈದ್ಯರು ಸರಿ ಎನ್ನುವ ತನಕ ಲಿಂಗ ಗಾಯದ ಮೇಲೆ ತೂಗಾಡದಿರಲಿ. ಕೈ ತೊಳೆದು ಕರಸ್ಥಲದಲ್ಲಿಟ್ಟು ಪೂಜಿಸಿ, ಮತ್ತೆ ಶುಚಿಯಾದ ಜಾಗದಲ್ಲಿಡಿ.

ವಿಭೂತಿ ಹಣೆಗೆ ಇರಲಿ, ಗಾಯಕ್ಕೆ ಬೇಡ. ಹೊಲಿಗೆಯ ಮೇಲೆ ವಿಭೂತಿ, ಅರಿಸಿನ, ಎಣ್ಣೆ ಯಾವುದೂ ಬೇಡ. ಪಾದೋದಕದ ವಿಷಯವನ್ನೂ ಹೇಳಿಬಿಡುತ್ತೇನೆ. ಆಪರೇಷನ್‌ಗೆ ಮೊದಲು ಆರು ತಾಸು ಊಟವಿಲ್ಲ, ಹಾಲಿಲ್ಲ. ಎರಡು ತಾಸು ನೀರೂ ಇಲ್ಲ. ಹೊಟ್ಟೆಯಲ್ಲಿದ್ದದ್ದು ಮತ್ತಿನಲ್ಲಿ ಶ್ವಾಸಕೋಶಕ್ಕೆ ನುಗ್ಗಿದರೆ ಬರುವ ನ್ಯುಮೋನಿಯಾ ಪ್ರಾಣ ತೆಗೆಯಬಹುದು. "ಒಂದೇ ಉದ್ಧರಣೆ, ಏನಾಗುತ್ತದೆ" ಎಂದು ಬಾಗಿಲಲ್ಲಿ ಹಾಲು, ಬಾಳೆಹಣ್ಣಿನ ಪ್ರಸಾದ ಬಾಯಿಗಿಡಬೇಡಿ. ಇಟ್ಟಿದ್ದರೆ ಮುಚ್ಚಿಡದೆ ನಮಗೆ ಹೇಳಿ. ನಾವು ಬೈಯುವುದಿಲ್ಲ, ಆಪರೇಷನ್ನನ್ನು ಕೆಲವು ತಾಸು ಮುಂದಕ್ಕೆ ಹಾಕುತ್ತೇವೆ ಅಷ್ಟೆ.

ಮುಂದಕ್ಕೆ ಹಾಕುವ ಮಾತು ಬಂತು. ಅಮಾವಾಸ್ಯೆ, ರಾಹುಕಾಲ ಎಂದು ದಿನ ಬದಲಿಸಿ ಎಂದು ಕೇಳುವವರಲ್ಲಿ ಹಣೆಯ ತುಂಬ ವಿಭೂತಿ ಧರಿಸಿದ ನಮ್ಮವರೇ ಇರುತ್ತಾರೆ. ತಿಥಿ, ವಾರ, ಮುಹೂರ್ತಗಳನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ತಳ್ಳಿಹಾಕಿದ್ದಾರೆ. ಇಲ್ಲಿ ಅದಕ್ಕೆ ವೈದ್ಯಕೀಯ ಕಾರಣವೂ ಇದೆ. ಆಪರೇಷನ್‌ಗೆ ಮೊದಲು ಆಸ್ಪತ್ರೆಯಲ್ಲಿ ಹೆಚ್ಚು ದಿನ ಮಲಗಿದಷ್ಟೂ ಅಲ್ಲಿನ, ಔಷಧಕ್ಕೆ ಬಗ್ಗದ ರೋಗಾಣುಗಳು ಚರ್ಮದ ಮೇಲೆ, ಮೂಗಿನಲ್ಲಿ ನೆಲೆಸುತ್ತವೆ. ಒಳ್ಳೆಯ ದಿನಕ್ಕಾಗಿ ಕಾದು ಕೆಟ್ಟ ರೋಗಾಣುವನ್ನು ಕರೆದುಕೊಂಡಂತೆ ಆಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಯುವಕರು ಕೇಳುತ್ತಾರೆ. "ನಾವು ಪಂಚಸೂತಕ ಒಪ್ಪದವರು. ಐಸಿಯು ಬಾಗಿಲಲ್ಲಿ ಮುಟ್ಟಬೇಡಿ, ಒಳಗೆ ಬರಬೇಡಿ ಎನ್ನುತ್ತೀರಲ್ಲ, ಇದೂ ಮಡಿ-ಮೈಲಿಗೆಯೇ ಅಲ್ಲವೆ?" ಒಳ್ಳೆಯ ಪ್ರಶ್ನೆ. ಶರಣರು ತಳ್ಳಿಹಾಕಿದ ಸೂತಕ ಹುಟ್ಟು, ಜಾತಿ, ಮುಟ್ಟು, ಎಂಜಲು, ಸಾವುಗಳ ಹೆಸರಲ್ಲಿ ಮನುಷ್ಯನನ್ನು ಕೀಳು ಮಾಡುತ್ತಿತ್ತು. ಆಪರೇಷನ್ ಕೋಣೆಯ ಶುಚಿಗೆ ಜಾತಿಯಿಲ್ಲ. ಅಲ್ಲಿ ಹಿರಿಯ ಸರ್ಜನ್ನನ ತೊಳೆಯದ ಕೈ ಮೈಲಿಗೆ, ಕಸ ಗುಡಿಸುವ ಹೆಣ್ಣುಮಗಳ ತೊಳೆದ ಕೈ ಶುದ್ಧ. ಅಲ್ಲಿ ಎಲ್ಲರೂ ಒಂದೇ ಸೋಪು, ಒಂದೇ ನೀರು. 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಹೆರಿಗೆ ಮಾಡಿಸುವ ವೈದ್ಯರೇ ಕೈ ತೊಳೆಯಬೇಕೆಂದು ಹೇಳಿದಾಗ ಅನೇಕ ದೊಡ್ಡ ವೈದ್ಯರಿಗೆ ಸಿಟ್ಟು ಬಂತು. ದೊಡ್ಡವರ ಕೈಯೂ ಕೊಳೆಯಾಗಬಹುದು ಎಂಬ ಮಾತನ್ನು ಯಾವ ಸಮಾಜವೂ ಸುಲಭವಾಗಿ ಒಪ್ಪುವುದಿಲ್ಲ.

ಹಾಗಾದರೆ ಸೋಂಕನ್ನು ನಿಜವಾಗಿ ತಡೆಯುವವರು ಯಾರು? ಉಪಕರಣ ತೊಳೆದು ಆಟೋಕ್ಲೇವಿನಲ್ಲಿ ಹಬೆಗಿಡುವವರು, ಬಟ್ಟೆ ಒಗೆಯುವವರು, ನೆಲ ಒರೆಸುವವರು, ರಾತ್ರಿ ಮೂರು ಗಂಟೆಗೆ ರೋಗಿಯ ಬಾಯಿ ಶುಚಿಮಾಡಿ ಮಗ್ಗುಲು ತಿರುಗಿಸುವ ನರ್ಸುಗಳು. ಹಬೆಯ ಯಂತ್ರ ಪೂರ್ತಿ ಹೊತ್ತು ನಡೆಯುವ ಮೊದಲೇ ಯಾರೋ ಅವಸರದಲ್ಲಿ ತೆರೆದರೆ, ನಾನು ಎಷ್ಟು ಬೆಲೆಯ ಮತ್ತು ಕೊಟ್ಟರೂ ವ್ಯರ್ಥ. ಮಡಿವಾಳ ಮಾಚಿದೇವರ, ಬೀದಿ ಗುಡಿಸುವ ಕಾಯಕದ ಸತ್ಯಕ್ಕನ ಜಯಂತಿ ಮಾಡುವ ನಾವು, ಅದೇ ಕಾಯಕ ಮಾಡುವವರನ್ನು ಆಸ್ಪತ್ರೆಯಲ್ಲಿ ಏಕವಚನದಲ್ಲಿ ಕೂಗುತ್ತೇವೆ. ಹೆಚ್ಚಿನವರು ಗುತ್ತಿಗೆಯ ನೌಕರರು. ಸಂಬಳ ಕಡಿಮೆ, ಕೈಗವಸಿಗೂ ಕೊರತೆ. ನಮ್ಮ ಮಠಗಳು, ನಮ್ಮ ಸಂಘಸಂಸ್ಥೆಗಳು ಆಸ್ಪತ್ರೆ, ವೈದ್ಯಕೀಯ ಕಾಲೇಜು ನಡೆಸುತ್ತಿವೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದಾದರೂ ಅದು ಹೊತ್ತಿರುವುದು ಚಿತ್ರದುರ್ಗದ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರು. ಆರೋಗ್ಯದ ದಾಸೋಹ ನಮಗೆ ಹೊಸದಲ್ಲ. ಆದ್ದರಿಂದ ಆಸ್ಪತ್ರೆ ನಡೆಸುವ ನಮ್ಮ ಹಿರಿಯರಲ್ಲಿ ವಿನಂತಿ: ಹೊಸ ಕಟ್ಟಡಕ್ಕೆ ಅಮೃತಶಿಲೆ ಹಾಕಿಸುವ ಮೊದಲು ತೊಳೆಯುವವರ ಸಂಬಳ, ತರಬೇತಿ, ಗೌರವ ನೋಡಿ.

ಕೊನೆಯದಾಗಿ, ನಿಮ್ಮವರಿಗೆ ಹೃದಯದ ಆಪರೇಷನ್ ಎಂದಾಗ ವೈದ್ಯರನ್ನು ಏನು ಕೇಳಬೇಕು? ಯಾವ ಮತ್ತು ಎಂದು ಅವಶ್ಯವಾಗಿ ಕೇಳಿ, ಈ ರೋಗಿಗೆ ಅದೇ ಏಕೆ ಎಂದೂ ಕೇಳಿ. ಅದರ ಜೊತೆಗೆ ಇನ್ನೂ ಕೆಲವು ಕೇಳಿ. ಸಕ್ಕರೆ ಎಷ್ಟಿದೆ, ಆಪರೇಷನ್ ದಿನ ಮತ್ತು ನಂತರ ಅದನ್ನು 180ರೊಳಗೆ ಇಡಲು ಏನು ವ್ಯವಸ್ಥೆ? ಆಂಟಿಬಯಾಟಿಕ್ ಯಾವಾಗ ಕೊಡುತ್ತೀರಿ, ಯಾವಾಗ ನಿಲ್ಲಿಸುತ್ತೀರಿ? ಉಸಿರಿನ ನಳಿಕೆಯನ್ನು ಎಷ್ಟು ಬೇಗ ತೆಗೆಯಬಹುದು? ಕುತ್ತಿಗೆಯ ಮತ್ತು ಮೂತ್ರದ ನಳಿಕೆಗಳು ಇವತ್ತೂ ಬೇಕೆ? ಕೇಳುವುದು ಅವಮರ್ಯಾದೆಯಲ್ಲ. ಒಳ್ಳೆಯ ವೈದ್ಯರು ಇದಕ್ಕೆ ಸಂತೋಷಪಡುತ್ತಾರೆ. ನೀವು ಮಾಡಬೇಕಾದದ್ದೂ ಇದೆ. ನೋಡಲು ಇಪ್ಪತ್ತು ಜನ ಬರಬೇಡಿ, ಒಬ್ಬರು ಬನ್ನಿ. ಬಂದವರು ಕೈ ತೊಳೆಯಿರಿ. ನೆಗಡಿ, ಕೆಮ್ಮು ಇದ್ದವರು ಮನೆಯಲ್ಲೇ ಇದ್ದು ಪ್ರಾರ್ಥಿಸಿ. ಮನೆಗೆ ಬಂದ ಮೇಲೆ ಗಾಯ ಕೆಂಪಾದರೆ, ನೀರು ಸುರಿದರೆ, ಜ್ವರ ಬಂದರೆ, ಕೆಮ್ಮಿದಾಗ ಎದೆಮೂಳೆ ಕಟಕ್ ಎಂದು ಅಲುಗಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಮುಂದಿನ ಸೋಮವಾರಕ್ಕೆ ಕಾಯಬೇಡಿ.

ಅರಿವಳಿಕೆ ಕೊಟ್ಟ ಕ್ಷಣದಿಂದ ರೋಗಿ ತನ್ನನ್ನು ಪೂರ್ತಿಯಾಗಿ ನಮ್ಮೆಲ್ಲರ ಕೈಗೆ ಒಪ್ಪಿಸುತ್ತಾನೆ. ವೈದ್ಯ, ನರ್ಸು, ತೊಳೆಯುವವರು, ಮನೆಯವರು, ಗುರುಗಳು ಇಷ್ಟೂ ಜನರಲ್ಲಿ ಒಬ್ಬರ ಎಚ್ಚರ ತಪ್ಪಿದರೂ ಅದರ ಫಲ ಅವನ ಎದೆಯ ಮೇಲೆ ಬೀಳುತ್ತದೆ. ಸಿರಿಂಜಿನಲ್ಲಿರುವ ಔಷಧವನ್ನು ನಾವು ವೈದ್ಯರು ತೂಗಿ ಆರಿಸುತ್ತೇವೆ. ಉಳಿದ ಎಚ್ಚರದಲ್ಲಿ ನಿಮ್ಮ ಪಾಲೂ ಇದೆ ಎಂದು ನೆನಪಿಸಿ ನನ್ನ ಮಾತು ಮುಗಿಸುತ್ತೇನೆ.